ಘಟ್ಟದ ಹೊಯಿಗೆ, ಕಡಲಾಮೆಯ ತತ್ತಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಕಡಲಿಲ್ಲ. ಆದರೆ ಅಲ್ಲಿಯ ಹೊಳೆಗಳಿಗೆಲ್ಲ ಕಡಲೇ ಗತಿ. ಬೆಳ್ತಂಗಡಿ ಸೀಮೆಯನ್ನು ಹಾದು ಬಂಟ್ವಾಳಕ್ಕೆ ಬರುವ ನೇತ್ರಾವತಿಯೂ, ವೇಣೂರಿನ ಫಲ್ಗುಣಿಯೂ ಮಂಗಳೂರಿನ ಅಳಿವೆಯಲ್ಲಿ ಸೇರುತ್ತವೆ. ಮೂಡುಬಿದಿರೆ ಸಮೀಪದ ಮಿಜಾರಿನ ಕಡೆಯಿಂದ ಹೊರಟ ನಂದಿನಿ, ಕಟೀಲನ್ನು ಬಳಸಿ, ಹಳೆಯಂಗಡಿಯ ಪಡುವಣದ ಸಸಿಹಿತ್ಲಿನಲ್ಲಿ ಶಾಂಭವಿಯೊಡನೆ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಹೊಳೆಗಳು ತಂದ ಹೊಯಿಗೆಯನ್ನು ಅಲೆಗಳು ದಡಕ್ಕೆ ಹರಡುತ್ತವೆ.

ಆ ಹೊಯಿಗೆಯನ್ನು ನಂಬಿದ ಜೀವಿಯೊಂದುಂಟು. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ದಡಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ತತ್ತಿಯಿಟ್ಟದ್ದು ಕಂಡುಬಂತು. ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಕಟ್ಟಿ ಕಾವಲು ಹಾಕಿತು.

ಸುಮಾರು ಎರಡಡಿ ಉದ್ದದ ಚಿಪ್ಪಿನ ತಾಯಾಮೆ ರಾತ್ರಿ ದಡವೇರಿ, ಹಿಂಗಾಲುಗಳಿಂದ ಗುಂಡಿ ತೋಡಿ, ನೂರರಷ್ಟು ತತ್ತಿಯಿಟ್ಟು, ಮುಚ್ಚಿ ಹೊರಟುಹೋಗುತ್ತದೆ. ಕಾವು ಕೊಡುವುದು ಬಿಸಿಲು ಕಾಸಿದ ಹೊಯಿಗೆಯೇ. ವಿಚಿತ್ರವೆಂದರೆ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಆ ಬಿಸಿಯೇ: ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. ನಲವತ್ತೈದರಿಂದ ಅರುವತ್ತು ದಿನಗಳಲ್ಲಿ ಮರಿಗಳು ಮೇಲೆ ಬರುತ್ತವೆ. ನಾಯಿ, ನರಿ, ಏಡಿ, ಕಾಗೆ ಕಾದೇ ಇರುತ್ತವೆ. ಅದು ಸೃಷ್ಟಿಯ ಲೆಕ್ಕ; ದೂರುವಂತಿಲ್ಲ. ಲೆಕ್ಕ ತಪ್ಪಿಸುವವರು ಮನುಷ್ಯರು. ಮರಿಗಳು ಬೆಳಕು ಹೆಚ್ಚಿರುವತ್ತ ನಡೆಯುತ್ತವೆ. ಕತ್ತಲ ದಡದಲ್ಲಿ ಆ ಬೆಳಕು ಕಡಲ ಮೇಲಿನ ಆಕಾಶದ್ದು. ದಡದಲ್ಲಿ ದೀಪ ಉರಿದರೆ ಅವು ಊರಿನತ್ತ ತಿರುಗಿ, ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತವೆ.

ಶಾಲೆಯಿಂದಲೋ ಮನೆಯವರೊಂದಿಗೋ ಕಡಲು ನೋಡಹೋಗುವ ಮಕ್ಕಳು ಇದನ್ನು ತಿಳಿದಿರಬೇಕು. ತತ್ತಿ ಕಂಡರೆ ಮುಟ್ಟಬಾರದು. ಹೊರಳಿಸಿದರೆ ಒಳಗಿನ ಪಿಂಡ ಸತ್ತೀತು. ಟಾರ್ಚು, ಮೊಬೈಲು ಬೆಳಗಬಾರದು. ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. 1972ರ ವನ್ಯಜೀವಿ ಕಾಯಿದೆ ಈ ಆಮೆಗೆ ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ.

ಹೆತ್ತವರ ಪಾಲಿನ ಮಾತು ಕಡಲಿನಿಂದ ಮೇಲೆ, ಹೊಳೆಯ ಬದಿಯದು. ಬಂಟ್ವಾಳದ ಪೇಟೆಯಲ್ಲಿ ಬಿಸಾಡಿದ ಪ್ಲಾಸ್ಟಿಕ್ ತೊಟ್ಟೆ ನೇತ್ರಾವತಿಗೆ ಬಿದ್ದರೆ ತುಂಬೆಯ ಅಣೆಕಟ್ಟನ್ನೂ ದಾಟಿ ಕಡಲಿಗಿಳಿದೀತು. ಅಲ್ಲಿ ಆಮೆ ಅದನ್ನು ಲೋಳೆಮೀನೆಂದು ನುಂಗುವುದುಂಟು. ಹೊಳೆಯ ಒಡಲಿಂದ ಲಾರಿಗಟ್ಟಲೆ ಹೊಯಿಗೆ ಎತ್ತಿದರೆ ದಡಕ್ಕೆ ಬರುವ ಹೊಯಿಗೆ ಅಷ್ಟು ಕಡಿಮೆಯೇ. ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕಿದಲ್ಲಂತೂ ಆಮೆ ಏರುವಂತೆಯೇ ಇಲ್ಲ.

ಕಡಲಾಮೆ ಹುಟ್ಟಿದ ಸೀಮೆಗೇ ಮರಳಿ ತತ್ತಿಯಿಡುತ್ತದೆ. 2024ರಲ್ಲಿ ಸಸಿಹಿತ್ಲಿನಿಂದ ನೀರಿಗಿಳಿದ ಹೆಣ್ಣುಮರಿಗೆ ಆ ಪ್ರಾಯ ಬರಲು ಹತ್ತು ಹದಿನೈದು ವರ್ಷ ಬೇಕು. ಅಂದು ಐದನೇ ತರಗತಿಯಲ್ಲಿದ್ದ ಮಕ್ಕಳು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತಾರೆ.