ಮೊದಲು ಕಿತ್ತು ಹಾಕಿ ಸ್ವಾಮಿ!

ವಿಮಾನದ ಸದ್ದು ಬಿಟ್ಟರೆ ಸಮುದ್ರದ ಗಾಳಿಯೂ ಸುಳಿಯದ ಖೈತಾನಿನಲ್ಲಿ ಕೂತು ದೋಣಿ ಬಗ್ಗೆ ಬರೀತಾನಲ್ಲ, ಬಿಸಿಲು ತಲೆಗೆ ಹತ್ತಿರಬೇಕು ಅಂದ್ಕೋಬೇಡಿ. ಕುವೈತಿನಲ್ಲಿ ಮನೆ ಮುಂದೆ ಟ್ರೇಲರ್ ಮೇಲೆ ಮೋಟಾರು ದೋಣಿ ನಿಲ್ಲಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕುವೈತಿ ಸಹೋದ್ಯೋಗಿಯೂ ಅವರಲ್ಲೊಬ್ಬ. ಇಪ್ಪತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ದೋಣಿ. ನಾನು ಎಲೆಕ್ಟ್ರಿಕಲ್ ಓದಿದವನು ಅಂತ ಅವನಿಗೆ ಗೊತ್ತಾಯ್ತು ನೋಡಿ, ನನ್ನ ಶುಕ್ರವಾರಗಳು ಹೋದವು!

ದೋಣಿಯ ತಳದಲ್ಲಿ ಸೇರೋ ನೀರನ್ನು ಹೊರಗೆ ಹಾಕೋಕೆ ಬಿಲ್ಜ್ ಪಂಪ್ ಅಂತ ಒಂದಿರುತ್ತೆ. ಹೋದ ವರ್ಷ ಅದರ ತಂತಿ ತುಂಡಾಗಿತ್ತು. ಎರಡು ತುದಿ ಹೆಣೆದು, ಟೇಪ್ ಸುತ್ತಿ, "ಖಲಾಸ್" ಅಂದೆ. ಎರಡು ತಿಂಗಳ ಮೇಲೆ ಅವನು ಮಕ್ಕಳನ್ನು ಕೂರಿಸಿಕೊಂಡು ಫೈಲಕಾ ದ್ವೀಪಕ್ಕೆ ಹೊರಟ. ಸುಮಾರು 20 ಕಿಲೋಮೀಟರ್ ದೂರ. ಅರ್ಧ ದಾರೀಲಿ ಕಾಲಡಿ ನೀರು! ಯಾವುದೋ ಹಳೇ ಪೈಪಿನ ಕ್ಲಾಂಪ್ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಪಂಪಿನ ಸ್ವಿಚ್ ಒತ್ತಿದ್ರೆ ಸದ್ದೇ ಇಲ್ಲ. ಮಕ್ಕಳೂ ಸೇರಿ ಬಕೆಟ್ಟಿನಲ್ಲಿ ನೀರೆತ್ತಿ ಹಾಕ್ತಾ ಹೇಗೋ ವಾಪಸ್ ಬಂದರು. ಟೇಪ್ ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿ ಆಗಿತ್ತು. ಅವನು ಒಂದು ಮಾತೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೇ ದೋಣಿ ಕೊಂಡವರೆಲ್ಲ ಮೊದಲು ಮಾಡೋದು ಹೊಸ ಸಾಮಾನು ಸೇರಿಸೋದು. ಸ್ಟೀರಿಯೋ, ಮೀನು ಹುಡುಕೋ ಯಂತ್ರ, ನೀಲಿ ಎಲ್‌ಇಡಿ. ನಾನು ಹೇಳೋದಿಷ್ಟೇ, ಮೊದಲು ಕಿತ್ತು ಹಾಕಿ. ಏನು ಉಳಿಸಬೇಕು ಅಂತ ಆಮೇಲೆ ಯೋಚಿಸಿ.

ನಾವು ಹಾಗೇ ಮಾಡಿದ್ವಿ. ಕಿತ್ತ ತಂತಿಗಳನ್ನೆಲ್ಲ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಹರಡಿದೆ. "ಇದೇನ್ರೀ, ಹಾವಿನ ಹುತ್ತ ಅಗೆದು ತಂದ್ರಾ?" ಅಂದಳು ನನ್ನಾಕೆ. ಒಂದೊಂದೇ ಹಿಡಿದು ನೋಡಿದರೆ ಮೂರರಲ್ಲೊಂದು ತಂತಿ ಎಲ್ಲಿಗೂ ಹೋಗ್ತಿರಲಿಲ್ಲ!

ಮನೆ ವೈರಿಂಗಿನ ಬುದ್ಧಿ ದೋಣಿಗೆ ಸಾಲದು. ಗಟ್ಟಿ ಒಂಟಿ ತಂತಿ ಅಲೆಯ ನಡುಕಕ್ಕೆ ಮುರಿಯುತ್ತೆ. ತವರ ಲೇಪಿಸಿದ, ಹಲವು ಎಳೆಯ ತಾಮ್ರವೇ ಬೇಕು, ಅದೂ ಸರಿಯಾಗಿ ಕ್ರಿಂಪ್ ಮಾಡಿದ್ದು. ಇನ್ನು, 240 ವೋಲ್ಟಿನಲ್ಲಿ ಅರ್ಧ ವೋಲ್ಟ್ ಸೋರಿದರೆ ಯಾರಿಗೂ ಗೊತ್ತಾಗಲ್ಲ. 12 ವೋಲ್ಟಿನಲ್ಲಿ ಅದು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಅದಕ್ಕೇ ದಪ್ಪ ತಂತಿ ಹಾಕಬೇಕು, ಉದ್ದವನ್ನು ಹೋಗಿಬರುವ ಎರಡೂ ದಾರಿಗೆ ಲೆಕ್ಕ ಹಾಕಬೇಕು. ಬಿಲ್ಜ್ ಪಂಪಿಗೆ ಅದರದೇ ಫ್ಯೂಸ್ ಕೊಟ್ಟು ನೇರ ಬ್ಯಾಟರಿಗೆ ಜೋಡಿಸಿದ್ವಿ. ಮೇನ್ ಸ್ವಿಚ್ ಆಫ್ ಆದರೂ ಅದು ಓಡಬೇಕು.

ಪೈಪಿನದು ಇನ್ನೂ ದೊಡ್ಡ ಕಥೆ. ಟಾಯ್ಲೆಟ್ಟು, ಶವರ್ರು, ಸಿಂಕು, ಮೀನಿನ ತೊಟ್ಟಿ ಅಂತ ನೀರಿನ ಮಟ್ಟಕ್ಕಿಂತ ಕೆಳಗೆ ಐದು ತೂತು. ಒಂದಡಿ ಆಳದಲ್ಲಿ ಅಂಗುಲದ ಒಂದು ತೂತು ಬಾಯಿ ಬಿಟ್ಟರೂ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ನುಗ್ಗುತ್ತೆ. ಸಂಜೆಗೆ ಮನೆ ಸೇರೋ ದೋಣಿಗೆ ಇದೆಲ್ಲ ಯಾಕೆ ಹೇಳಿ? "ಶವರ್ ತೆಗೆದರೆ ಮಾರುವಾಗ ಬೆಲೆ ಬೀಳುತ್ತೆ" ಅಂತ ಅವನು ಗೊಣಗಿದ. "ಮುಳುಗಿದರೆ ಎಷ್ಟಕ್ಕೆ ಹೋಗುತ್ತೆ?" ಅಂದೆ. ಮೂರು ತೂತುಗಳನ್ನು ಸಿಲಿಕಾನ್ ಮೆತ್ತಿ ಅಲ್ಲ, ಸುತ್ತ ಇಳಿಜಾರಾಗಿ ಉಜ್ಜಿ, ಫೈಬರ್‌ಗ್ಲಾಸ್ ಪದರ ಹಾಕಿ ಮುಚ್ಚಿದ್ವಿ. ಉಳಿದ ಎರಡಕ್ಕೆ ಕಂಚಿನ ವಾಲ್ವ್. ಸಾದಾ ಹಿತ್ತಾಳೆ ಬೇಡ, ಉಪ್ಪುನೀರು ಅದರೊಳಗಿನ ಸತುವನ್ನು ತಿಂದುಹಾಕುತ್ತೆ. ಪ್ರತಿ ಪೈಪಿಗೂ ಎರಡೆರಡು ಕ್ಲಾಂಪ್, ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಮರದ ಬೆಣೆ. ಕೈ ತೊಳೆಯೋಕೆ 20 ಲೀಟರ್ ಕ್ಯಾನ್ ಸಾಕು.

ಈ ಸಲ ಫೈಲಕಾಗೆ ಹೊರಟಾಗ ನಾನೂ ದೋಣಿ ಹತ್ತಿದೆ. ನಾನು ಮಾಡಿದ ಕೆಲಸವನ್ನು ನಾನೇ ನಂಬದಿದ್ರೆ ಹೇಗೆ? ಅರ್ಧ ದಾರೀಲಿ, ಎಲ್ಲರೂ ಮೀನಿನ ಮಾತಾಡ್ತಿದ್ದಾಗ, ಮೆಲ್ಲಗೆ ತಳದ ಮುಚ್ಚಳ ಎತ್ತಿ ಇಣುಕಿದೆ. ಒಂದು ಹನಿ ನೀರಿಲ್ಲ, ಬರೀ ಧೂಳು. ಕುವೈತಿನ ಧೂಳು ಅಲ್ಲಿಗೂ ಬಂದಿತ್ತು!