ಮುರಿದ ಸ್ವಿಚ್ಚಿಗಾಗಿ ಕಾರ್ಡನ್ನೇ ಎಸೆಯಬೇಕೆ?

ಗಣಕಯಂತ್ರದ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಕೆಲವಕ್ಕೆ ಅಂಚಿನಲ್ಲಿ ಕಡಲೆಕಾಳಿನಷ್ಟು ಸಣ್ಣ ಸ್ವಿಚ್ಚೊಂದಿರುತ್ತದೆ. 2010ರಲ್ಲಿ ಬಂದ ರೇಡಿಯಾನ್ ಎಚ್‌ಡಿ 6950 ಇದಕ್ಕೆ ನಿದರ್ಶನ. ಬಯಾಸ್ ಎಂಬ ಆರಂಭಿಕ ಆದೇಶಗಳ ಎರಡು ಪ್ರತಿಗಳಲ್ಲಿ ಯಾವುದನ್ನು ಓದಬೇಕೆಂದು ನಿರ್ಣಯಿಸುವುದಷ್ಟೇ ಅದರ ಕಾರ್ಯ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಧೂಳು ಒರೆಸುವಾಗ ಇದರ ಹಿಡಿ ಮುರಿಯಿತೆಂದರೆ, “ಇಡೀ ಕಾರ್ಡೇ ಹೋಯಿತು, ಹೊಸದನ್ನು ಕೊಳ್ಳಿ” ಎನ್ನುವ ಅಂಗಡಿಕಾರರಿಗೆ ಕೊರತೆಯಿಲ್ಲ.

ಊರಿಗೆ ಹಣ ಕಳುಹಿಸಿ, ಉಳಿದುದರಲ್ಲಿ ಮಗನಿಗಾಗಿ ಹಳೆಯ ಯಂತ್ರವೊಂದನ್ನು ಕೊಂಡ ಗುಮಾಸ್ತನಿಗೆ ಈ ಮಾತು ಸಣ್ಣದಲ್ಲ. ಆದರೆ ಅದು ನಿಜವೂ ಅಲ್ಲ. (ಗ್ರೈಂಡರಿನ ಸ್ವಿಚ್ಚು ಕೆಟ್ಟಿತೆಂದು ಯಾವ ಹೋಟೆಲಿನವರೂ ಗ್ರೈಂಡರನ್ನೇ ಗುಜರಿಗೆ ಹಾಕುವುದಿಲ್ಲ.) ಒಳಗಿನ ಸಂಪರ್ಕ ಒಂದು ಕಡೆ ಭದ್ರವಾಗಿ ನಿಂತಿದ್ದರೆ ಕಾರ್ಡು ಹಾಗೆಯೇ ನಡೆದೀತು. ಇಲ್ಲವಾದರೆ ಅದೇ ಅಳತೆಯ ಸ್ವಿಚ್ಚನ್ನು ಬೆಸುಗೆ ಹಾಕಬಹುದು. ಅದೂ ದೊರೆಯದಿದ್ದರೆ, ಯಾವ ಎರಡು ಕಾಲುಗಳು ಕೂಡಬೇಕೆಂದು ಮಲ್ಟಿಮೀಟರಿನಿಂದ ಪರೀಕ್ಷಿಸಿ ಸಣ್ಣ ತಂತಿಯಿಂದ ಜೋಡಿಸಬಹುದು. ಹಲಗೆಯೊಳಗಿನ ತಾಮ್ರವು ಶಾಖವನ್ನು ಬೇಗನೆ ಹೀರುವುದರಿಂದ, ಬೆಸುಗೆ ಕರಗುವ ಮೊದಲೇ ಎಳೆದರೆ ಅಡಿಯ ತಾಮ್ರವೇ ಕಿತ್ತುಬರುತ್ತದೆ; ಕೈ ಪಳಗಿದವರ ಕೆಲಸವಿದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್‌ಗಳಲ್ಲಿ ಅಂಥವರು ಸಿಗುತ್ತಾರೆ.

ಕೇಂದ್ರ ಸರಕಾರವು 2022ರಲ್ಲಿ ದುರಸ್ತಿಯ ಹಕ್ಕಿನ ವಿಷಯವಾಗಿ ಸಮಿತಿಯನ್ನು ನೇಮಿಸಿ, ಜಾಲತಾಣವನ್ನೂ ತೆರೆಯಿತು. ಅಷ್ಟು ಸಾಲದು. ಸರ್ಕಿಟ್ಟಿನ ನಕ್ಷೆಯನ್ನೂ ಬಿಡಿಭಾಗಗಳ ಅಳತೆಯನ್ನೂ ತಯಾರಕರು ಬಹಿರಂಗಪಡಿಸಲಿ. ಅಲ್ಲಿಯವರೆಗೆ, “ಕೆಟ್ಟ ಭಾಗ ಯಾವುದು, ತೋರಿಸಿ” ಎಂದು ಅಂಗಡಿಯವನನ್ನು ಕೇಳಲು ನಮ್ಮವರು ಸಂಕೋಚಪಡಬೇಕಾಗಿಲ್ಲ.