ಓಡುವ ಕ್ವಾರ್ಟರ್‌ಬ್ಯಾಕ್: ಕಾಲಿಗೆ ಚಪ್ಪಾಳೆ, ತಲೆಯ ಮೇಲೆ ಅನುಮಾನ

2018ರ ಫೆಬ್ರವರಿ. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಡ್ರಾಫ್ಟ್‌ಗೆ ಇನ್ನೆರಡು ತಿಂಗಳು ಬಾಕಿ ಇತ್ತು. ಲೂಯಿವಿಲ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಅಷ್ಟರಲ್ಲಾಗಲೇ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದಾಗಿತ್ತು. ಆದರೂ ಲೀಗ್‌ನ ಹಳೇ ಹುಲಿ, ಹಾಲ್ ಆಫ್ ಫೇಮ್ ಆಡಳಿತಗಾರ ಬಿಲ್ ಪೋಲಿಯನ್ ಅವನಿಗೆ ಕೊಟ್ಟ ಸಲಹೆ ಏನು ಗೊತ್ತಾ? ಕ್ವಾರ್ಟರ್‌ಬ್ಯಾಕ್ ಆಗೋದು ಬಿಡು, ವೈಡ್ ರಿಸೀವರ್ ಆಗು ಅಂತ. ಅಂದರೆ ಚೆಂಡು ಎಸೆಯುವ, ತಂಡ ನಡೆಸುವ ಕೆಲಸ ನಿನ್ನದಲ್ಲ. ಬೇರೆಯವರು ಎಸೆದದ್ದನ್ನು ಹಿಡಿದು ಓಡು.

ಆ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳನ್ನು ತಂಡಗಳು ಆರಿಸಿಕೊಂಡವು. ಜಾಕ್ಸನ್ ಮೊದಲ ಸುತ್ತಿನ ಕೊನೆಯವನಾಗಿ, 32ನೇ ಸ್ಥಾನದಲ್ಲಿ ಬಾಲ್ಟಿಮೋರ್ ರೇವನ್ಸ್ ಪಾಲಾದ. ಎರಡನೇ ವರ್ಷಕ್ಕೇ, 2019ರಲ್ಲಿ, 36 ಟಚ್‌ಡೌನ್ ಪಾಸ್ ಎಸೆದ, 1,206 ಯಾರ್ಡ್ ಓಡಿದ, ಒಂದೇ ಒಂದು ಮತವೂ ಬೇರೆಯವರಿಗೆ ಹೋಗದಂತೆ ವರ್ಷದ ಶ್ರೇಷ್ಠ ಆಟಗಾರನಾದ. ತಾನು ಹೇಳಿದ್ದು ತಪ್ಪು ಅಂತ ಪೋಲಿಯನ್ ಆಮೇಲೆ ಒಪ್ಪಿಕೊಂಡರು. ಅದು ಅವರ ದೊಡ್ಡತನ. ಆದರೆ ಆ ತಪ್ಪು ಅವರೊಬ್ಬರದೇ ಆಗಿರಲಿಲ್ಲ ಅನ್ನೋದು ನನ್ನ ವಾದ.

ಈ ಆಟವನ್ನು ನಾನು ನೋಡೋದು ಬೆಂಗಳೂರಿನಲ್ಲಿ ಕೂತು. ಅಲ್ಲಿನ ಭಾನುವಾರ ಸಂಜೆಯ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗಿನ ಜಾವ ಐದಕ್ಕೆ ಶುರುವಾಗುತ್ತೆ. ಅಷ್ಟು ಹೊತ್ತಿಗೆ ಎದ್ದು ನೋಡುವಂಥದ್ದು ಏನಿದೆ ಅಂತ ಕೇಳುವವರಿಗೆ ನಾನು ಮೊದಲು ವಿವರಿಸೋದು ‘ರೀಡ್ ಆಪ್ಷನ್’ ಅನ್ನೋ ಒಂದು ತಂತ್ರವನ್ನು. ಅದು ಅರ್ಥವಾದರೆ ಆಟದ ಸೊಗಸೂ ಅರ್ಥವಾಗುತ್ತೆ, ಅದರ ರಾಜಕೀಯವೂ ಅರ್ಥವಾಗುತ್ತೆ.

ಹನ್ನೊಂದರ ಲೆಕ್ಕ

ಎರಡೂ ಕಡೆ 11 ಜನ. ಹಳೇ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಸುಮ್ಮನೆ ನಿಂತುಬಿಡುತ್ತಾನೆ. ಚೆಂಡು ಹಿಡಿದವನು ತನಗೆ ತಾನೇ ದಾರಿ ಬಿಡಿಸಿಕೊಳ್ಳಲಾರ. ಹಾಗಾಗಿ ಎದುರಾಳಿಗಳನ್ನು ತಡೆಯಲು ಉಳಿಯೋದು ಒಂಬತ್ತು ಜನ. ಆ ಕಡೆ ಮೈಮೇಲೆ ಬೀಳಲು 11 ಜನ. ಲೆಕ್ಕ ಮೊದಲೇ ತಪ್ಪಿದೆ.

ರೀಡ್ ಆಪ್ಷನ್ ಈ ಲೆಕ್ಕವನ್ನು ಸರಿಮಾಡುತ್ತೆ. ತಡೆಯುವವರೆಲ್ಲ ಒಂದು ದಿಕ್ಕಿಗೆ ನುಗ್ಗುತ್ತಾರೆ. ಇನ್ನೊಂದು ತುದಿಯಲ್ಲಿರುವ ಡಿಫೆನ್ಸಿವ್ ಎಂಡ್‌ನನ್ನು ಬೇಕಂತಲೇ ಯಾರೂ ಮುಟ್ಟೋದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿಯುತ್ತಾನೆ, ಕಣ್ಣು ಮಾತ್ರ ಆ ಎಂಡ್ ಮೇಲೆ. ಅವನು ರನ್ನಿಂಗ್ ಬ್ಯಾಕ್ ಹಿಂದೆ ಬಿದ್ದರೆ ಚೆಂಡನ್ನು ಹಿಂದಕ್ಕೆ ಎಳೆದುಕೊಂಡು, ಅವನೇ ಖಾಲಿ ಮಾಡಿಹೋದ ಜಾಗದಲ್ಲಿ ಓಡೋದು. ಅವನು ಅಲ್ಲೇ ನಿಂತರೆ ಚೆಂಡನ್ನು ಬಿಟ್ಟುಕೊಡೋದು. ಎಂಡ್‌ಗೆ ಅತ್ತ ದರಿ ಇತ್ತ ಪುಲಿ. ಏನು ಮಾಡಿದರೂ ಅವನದೇ ತಪ್ಪು. ಮೈ ಮುಟ್ಟದೆಯೇ ಒಬ್ಬ ಎದುರಾಳಿಯನ್ನು ಆಟದಿಂದ ಹೊರಗಿಟ್ಟ ಹಾಗಾಯ್ತು, ಅವನನ್ನು ತಡೆಯಬೇಕಿದ್ದವನು ಬೇರೆ ಕೆಲಸಕ್ಕೆ ಸಿಕ್ಕ.

ಇದು ಹುಟ್ಟಿದ ಕಥೆ ಚೆನ್ನಾಗಿದೆ. 1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ರಿಚ್ ರಾಡ್ರಿಗೆಜ್ ಕೋಚ್ ಆಗಿದ್ದರು. ಒಂದು ದಿನ ಅಭ್ಯಾಸದಲ್ಲಿ ಚೆಂಡು ಕೈ ಬದಲಾಯಿಸುವಾಗ ಎಡವಟ್ಟಾಗಿ ಕ್ವಾರ್ಟರ್‌ಬ್ಯಾಕ್ ಬಳಿಯೇ ಉಳಿಯಿತು. ಅವನು ತಾನೇ ಓಡಿದ. ಯಾಕೆ ಹಾಗೆ ಮಾಡಿದೆ ಅಂತ ಕೋಚ್ ಕೇಳಿದರೆ, ಎಂಡ್ ಒಳಕ್ಕೆ ನುಗ್ಗಿದ್ದು ಕಾಣಿಸಿತು ಅಂದ. ಅಲ್ಲಿಂದ ಅದೊಂದು ತಂತ್ರವಾಯ್ತು. ಗಮನಿಸಿ, ಈ ತಂತ್ರ ಶುರುವಾಗಿದ್ದು ಕ್ವಾರ್ಟರ್‌ಬ್ಯಾಕ್ ಒಬ್ಬನ ಕಣ್ಣಿನಿಂದ. ಕಾಲಿನ ಕೆಲಸ ಆಮೇಲಿನದು.

ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ, 120 ಕಿಲೋ ತೂಗುವ ಮನುಷ್ಯನೊಬ್ಬನ ಭುಜ ಯಾವ ಕಡೆ ತಿರುಗಿದೆ ಅಂತ ಓದಿ ತೀರ್ಮಾನ ತೆಗೆದುಕೊಳ್ಳಬೇಕು. ಹೆಸರಿನಲ್ಲೇ ‘ರೀಡ್’ ಇದೆ. ಆದರೆ ಇದನ್ನು ಚೆನ್ನಾಗಿ ಆಡಿದ ಕಪ್ಪು ಆಟಗಾರರ ಬಗ್ಗೆ ಟಿವಿಯಲ್ಲಿ ಬರುತ್ತಿದ್ದ ಮಾತು ಮಾತ್ರ ಒಂದೇ: ಸಹಜ ಓಟಗಾರ, ಅದ್ಭುತ ಮೈಕಟ್ಟು. ಅದೇ ಬಿಳಿಯ ಕ್ವಾರ್ಟರ್‌ಬ್ಯಾಕ್ ಆದರೆ ಬುದ್ಧಿವಂತ, ನಾಯಕ, ಆಟವನ್ನು ಓದಬಲ್ಲವ. ತಲೆಯಿಂದ ದುಡಿಯುವವರು ಮೇಲು, ಮೈಯಿಂದ ದುಡಿಯುವವರು ಕೀಳು ಅನ್ನೋ ಈ ವಿಂಗಡಣೆ ನಮಗೇನೂ ಹೊಸದಲ್ಲ, ಅಲ್ವಾ?

ಅಗ್ಗದ ಕಾಲುಗಳು

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಓಡಾಡಿದ ತಂತ್ರ ಎನ್‌ಎಫ್‌ಎಲ್‌ಗೆ ಗಟ್ಟಿಯಾಗಿ ಕಾಲಿಟ್ಟಿದ್ದು 2012ರ ಸೀಸನ್‌ನಲ್ಲಿ. ವಾಷಿಂಗ್ಟನ್‌ನಲ್ಲಿ ರಾಬರ್ಟ್ ಗ್ರಿಫಿನ್, ಸಿಯಾಟಲ್‌ನಲ್ಲಿ ರಸೆಲ್ ವಿಲ್ಸನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಲಿನ್ ಕೆಪರ್ನಿಕ್. 2013ರ ಜನವರಿ 12ರಂದು ಗ್ರೀನ್ ಬೇ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಕೆಪರ್ನಿಕ್ ಒಬ್ಬನೇ 181 ಯಾರ್ಡ್ ಓಡಿದ. ಕ್ವಾರ್ಟರ್‌ಬ್ಯಾಕ್ ಒಬ್ಬ ಒಂದೇ ಪಂದ್ಯದಲ್ಲಿ ಅಷ್ಟು ಓಡಿದ್ದು ಆವರೆಗೆ ಇರಲೇ ಇಲ್ಲ.

ಆಗಲೇ ಯಾಕೆ? ಕೋಚ್‌ಗಳಿಗೆ ಇದ್ದಕ್ಕಿದ್ದಂತೆ ಜ್ಞಾನೋದಯ ಆಯ್ತು ಅಂತ ನನಗನ್ನಿಸೋದಿಲ್ಲ. ದುಡ್ಡಿನ ಕಡೆ ನೋಡಿ. 2010ರ ಡ್ರಾಫ್ಟ್‌ನ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸಿಕ್ಕ ಒಪ್ಪಂದ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್. 2011ರಲ್ಲಿ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಗಿ, ಹೊಸಬರ ಸಂಬಳಕ್ಕೆ ಮಿತಿ ಬಿತ್ತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 22 ಮಿಲಿಯನ್. ಕೆಪರ್ನಿಕ್ ಎರಡನೇ ಸುತ್ತಿನವ, ವಿಲ್ಸನ್ ಮೂರನೇ ಸುತ್ತಿನವ. ಅವರ ಸಂಬಳ ಇನ್ನೂ ಕಡಿಮೆ. 78 ಮಿಲಿಯನ್ ಸುರಿದ ಆಟಗಾರನನ್ನು ಗುದ್ದಾಟಕ್ಕೆ ಬಿಡಲು ಮಾಲೀಕ ಎರಡು ಸಲ ಯೋಚಿಸುತ್ತಾನೆ. ಅಗ್ಗಕ್ಕೆ ಸಿಕ್ಕವನ ವಿಷಯದಲ್ಲಿ ಅಷ್ಟು ಯೋಚನೆ ಬೇಕಿಲ್ಲ. ಇದೊಂದೇ ಕಾರಣ ಅನ್ನೋದಿಲ್ಲ, ಆದರೆ ಇದನ್ನು ಬಿಟ್ಟು 2012ನ್ನು ವಿವರಿಸೋದು ಕಷ್ಟ.

ನಿಯಮವೂ ಜೊತೆಗೆ ಬಂತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಲೀಗ್ ವಿಶೇಷ ರಕ್ಷಣೆ ಕೊಡುತ್ತೆ. ತಲೆಗೆ, ಮೊಣಕಾಲಿಗೆ ಹೊಡೆಯುವಂತಿಲ್ಲ. 2013ರಲ್ಲಿ ಲೀಗ್ ಒಂದು ಸ್ಪಷ್ಟನೆ ಕೊಟ್ಟಿತು: ರೀಡ್ ಆಪ್ಷನ್ ಆಡುವವನು ಓಟಗಾರನಿಗೆ ಸಮ, ಚೆಂಡು ಬಿಟ್ಟುಕೊಟ್ಟ ಮೇಲೂ ಓಡುವ ನಟನೆ ಮುಂದುವರಿಸಿದರೆ ಆ ರಕ್ಷಣೆ ಇಲ್ಲ. ಎದುರಾಳಿ ಕೋಚ್‌ಗಳಿಗೆ ಇಷ್ಟೇ ಸಾಕಿತ್ತು. ಎಂಡ್‌ಗೆ ಗೊಂದಲವಾದರೆ ಚೆಂಡು ಯಾರ ಹತ್ತಿರವೇ ಇರಲಿ, ಕ್ವಾರ್ಟರ್‌ಬ್ಯಾಕ್‌ಗೆ ಗುದ್ದು.

ಗ್ರಿಫಿನ್ ಮೊಣಕಾಲು ಮುರಿದದ್ದು ಯಾರು?

ರೀಡ್ ಆಪ್ಷನ್ ವಿರೋಧಿಗಳು ಯಾವಾಗಲೂ ಮುಂದಿಡುವ ಸಾಕ್ಷಿ ಗ್ರಿಫಿನ್. ಅವನಿಗಾಗಿ ವಾಷಿಂಗ್ಟನ್ ತಂಡ ಮೊದಲ ಸುತ್ತಿನ ಮೂರು, ಎರಡನೇ ಸುತ್ತಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟಿತ್ತು. ಮೊದಲ ವರ್ಷವೇ 815 ಯಾರ್ಡ್ ಓಡಿದ, ತಂಡವನ್ನು ಪ್ಲೇಆಫ್‌ಗೆ ಒಯ್ದ. 2013ರ ಜನವರಿ 6ರಂದು ಸಿಯಾಟಲ್ ವಿರುದ್ಧ ಅವನ ಬಲ ಮೊಣಕಾಲಿನ ಅಸ್ಥಿರಜ್ಜುಗಳು ಹರಿದವು. ಆಮೇಲೆ ಅವನು ಹಿಂದಿನ ಗ್ರಿಫಿನ್ ಆಗಲೇ ಇಲ್ಲ. ಓಡುವ ಕ್ವಾರ್ಟರ್‌ಬ್ಯಾಕ್‌ಗಳ ಗತಿಯೇ ಇಷ್ಟು ಅಂದರು.

ಆ ಪಂದ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊಣಕಾಲಿಗೆ ಮೊದಲ ಪೆಟ್ಟು ಬಿದ್ದಿದ್ದು ಒಂದು ತಿಂಗಳ ಹಿಂದೆ, ಬಾಲ್ಟಿಮೋರ್ ವಿರುದ್ಧ. ಅದು ಪಾಸ್ ಎಸೆಯಲು ಹೊರಟ ಆಟ, ರೀಡ್ ಆಪ್ಷನ್ ಅಲ್ಲ. ಸಿಯಾಟಲ್ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಅವನು ಕುಂಟತೊಡಗಿದ್ದ. ನೋಡುವ ಯಾರಿಗಾದರೂ ಗೊತ್ತಾಗುತ್ತಿತ್ತು. ಕೋಚ್ ಮೈಕ್ ಶಾನಹನ್ ಅವನನ್ನು ಹೊರಗೆ ಕರೆಸಲಿಲ್ಲ. ಆಡಬಲ್ಲೆ ಅಂತ ಅವನೇ ಹೇಳಿದ ಅನ್ನೋದು ಅವರ ಸಮರ್ಥನೆ. ಕೊನೆಗೆ ನಾಲ್ಕನೇ ಕ್ವಾರ್ಟರ್‌ನಲ್ಲಿ, ನೆಲಕ್ಕೆ ಬಿದ್ದ ಸ್ನ್ಯಾಪ್ ಎತ್ತಿಕೊಳ್ಳಲು ಬಗ್ಗುವಾಗ ಕಾಲು ಮಡಚಿಹೋಯ್ತು. ಯಾರೂ ಗುದ್ದಿರಲಿಲ್ಲ.

22 ವರ್ಷದ ಹುಡುಗ, ಮೊದಲ ಪ್ಲೇಆಫ್, ತುಂಬಿದ ಕ್ರೀಡಾಂಗಣ. ಅವನು ಆಡಬಲ್ಲೆ ಅಂತಲ್ಲದೆ ಇನ್ನೇನು ಹೇಳ್ತಾನೆ? ಅವನನ್ನು ಮುಗಿಸಿದ್ದು ಓಟ ಅನ್ನೋದಕ್ಕಿಂತ, ಕುಂಟುವವನನ್ನು ಅಂಗಳದಲ್ಲಿ ಉಳಿಸಿದ ತೀರ್ಮಾನ ಅನ್ನೋದು ಸತ್ಯಕ್ಕೆ ಹತ್ತಿರ. ಆದರೆ ತಂತ್ರದ ಮೇಲೆ ತಪ್ಪು ಹೊರಿಸಿದರೆ ಮಾಲೀಕ, ಕೋಚ್, ವೈದ್ಯರು ಯಾರೂ ಉತ್ತರಿಸಬೇಕಿಲ್ಲ.

ಜಾಕ್ಸನ್ ವಿಷಯವೂ ಹೀಗೇ. 2021 ಮತ್ತು 2022ರ ಸೀಸನ್‌ಗಳ ಕೊನೆಯ ಭಾಗವನ್ನು ಅವನು ಗಾಯದಿಂದ ಕಳೆದುಕೊಂಡ. ಎರಡೂ ಸಲ ಪೆಟ್ಟು ಬಿದ್ದಿದ್ದು ಪಾಸ್ ಎಸೆಯುವ ಆಟಗಳಲ್ಲಿ. ಓಡುವಾಗ ಎದುರು ಬರುವವನು ಕಾಣುತ್ತಾನೆ, ಜಾರಿ ಕೂರಬಹುದು, ಗೆರೆಯಾಚೆ ಹೋಗಬಹುದು. ನಿಂತು ದೂರಕ್ಕೆ ಕಣ್ಣು ನೆಟ್ಟಾಗ ಪಕ್ಕದಿಂದ ಬರುವವನು ಕಾಣೋದಿಲ್ಲ. ಹಾಗಂತ ಓಟದಲ್ಲಿ ಅಪಾಯವೇ ಇಲ್ಲ ಅಂತಲ್ಲ. ಹತ್ತು ಸಲ ಹೆಚ್ಚು ಓಡಿದರೆ ಹತ್ತು ಸಲ ಹೆಚ್ಚು ಪೆಟ್ಟು. ಎದುರಾಳಿಗಳೂ ಕಲಿತರು. ಎಂಡ್ ಒಳಕ್ಕೆ ನುಗ್ಗಿದರೆ ಲೈನ್‌ಬ್ಯಾಕರ್ ಬಂದು ಅವನ ಜಾಗ ತುಂಬುವ ಪದ್ಧತಿ ಬಂತು. ಬರೀ ಇದನ್ನೇ ನೆಚ್ಚಿಕೊಂಡು ಗೆಲ್ಲೋದು ಈಗ ಕಷ್ಟ. ಜಾಕ್ಸನ್ ಕೂಡ ಬೆಳೆದ: 2024ರ ಸೀಸನ್‌ನಲ್ಲಿ 41 ಟಚ್‌ಡೌನ್ ಪಾಸ್, ಕೇವಲ ನಾಲ್ಕು ಇಂಟರ್‌ಸೆಪ್ಷನ್. ರಿಸೀವರ್ ಆಗು ಅನ್ನಿಸಿಕೊಂಡವನ ಅಂಕಿಗಳು ಇವು.

ತೀರ್ಮಾನ ಯಾರದು?

2023ರ ಮಾರ್ಚ್‌ನಲ್ಲಿ ಜಾಕ್ಸನ್ ಬೇರೆ ತಂಡಗಳ ಜೊತೆ ಮಾತಾಡಲು ಮುಕ್ತನಾಗಿದ್ದ. ಏಜೆಂಟ್ ಇಲ್ಲದೆ ತಾನೇ ಚೌಕಾಸಿಗೆ ಕೂತಿದ್ದ. 26 ವರ್ಷ, ಎಂವಿಪಿ ಗೆದ್ದವನು. ಆದರೂ ಉಳಿದ 31 ತಂಡಗಳಲ್ಲಿ ಒಂದೂ ಅವನ ಜೊತೆ ಒಪ್ಪಂದಕ್ಕೆ ಬರಲಿಲ್ಲ. ಕೊನೆಗೆ ಏಪ್ರಿಲ್‌ನಲ್ಲಿ ರೇವನ್ಸ್ ತಂಡವೇ ಐದು ವರ್ಷಕ್ಕೆ 260 ಮಿಲಿಯನ್‌ಗೆ ಒಪ್ಪಿತು. ಕೋಟ್ಯಧೀಶನ ಕಷ್ಟಕ್ಕೆ ನಾವ್ಯಾಕೆ ಮರುಗಬೇಕು ಅಂತ ನೀವು ಕೇಳಬಹುದು. ಮರುಗೋದು ಬೇಡ. ಆದರೆ ಅಷ್ಟು ಚೌಕಾಸಿ ಬಲ ಇದ್ದವನಿಗೇ ಹೀಗಾದರೆ, ಎರಡು ವರ್ಷ ಆಡಿ ಮೊಣಕಾಲು ಕಳಕೊಂಡು ಹೆಸರಿಲ್ಲದೆ ಮನೆಗೆ ಹೋಗುವವರ ಪಾಡೇನು?

‘ತಲೆಯ ಮೇಲೆ ಅನುಮಾನ’ ಅನ್ನೋದು ಬರೀ ಮಾತಿನ ಅಲಂಕಾರ ಅಂದುಕೊಳ್ಳಬೇಡಿ. ಮೆದುಳಿಗೆ ಪೆಟ್ಟಾದ ಮಾಜಿ ಆಟಗಾರರಿಗೆ ಪರಿಹಾರ ಕೊಡುವ ಯೋಜನೆಯಲ್ಲಿ, ಕಪ್ಪು ಆಟಗಾರರ ಬೌದ್ಧಿಕ ಸಾಮರ್ಥ್ಯ ಮೊದಲಿನಿಂದಲೇ ಕಡಿಮೆ ಅಂತ ಹಿಡಿಯುವ ಮಾಪನವೊಂದು ಬಳಕೆಯಲ್ಲಿತ್ತು. ಹಾಗಾಗಿ ತಮ್ಮ ಮೆದುಳು ಕುಗ್ಗಿದೆ ಅಂತ ಸಾಬೀತು ಮಾಡೋದು ಅವರಿಗೆ ಬಿಳಿಯರಿಗಿಂತ ಕಷ್ಟವಾಗಿತ್ತು. ಇಬ್ಬರು ಮಾಜಿ ಆಟಗಾರರು ಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಲೀಗ್ ಅದನ್ನು ಕೈಬಿಡಲು ಒಪ್ಪಿತು. ಡ್ರಾಫ್ಟ್ ದಿನದ ‘ಇವನು ಓಡಲಿ ಸಾಕು’ ಅನ್ನೋ ಮಾತಿಗೂ ಈ ಲೆಕ್ಕಕ್ಕೂ ಬೇರು ಒಂದೇ.

ಕೆಪರ್ನಿಕ್ ಕಥೆ ನಿಮಗೆ ಗೊತ್ತು. ಮೈದಾನದಲ್ಲಿ ಕೊಡಲೋ, ಇಟ್ಟುಕೊಳ್ಳಲೋ ಅಂತ ಅವನು ತೆಗೆದುಕೊಂಡ ತೀರ್ಮಾನಗಳಿಗೆ ಇಡೀ ಲೀಗ್ ಚಪ್ಪಾಳೆ ಹೊಡೆಯಿತು. 2016ರಲ್ಲಿ ಪೊಲೀಸ್ ದೌರ್ಜನ್ಯ ವಿರೋಧಿಸಿ ರಾಷ್ಟ್ರಗೀತೆಯ ಹೊತ್ತಲ್ಲಿ ಮಂಡಿಯೂರುವ ತೀರ್ಮಾನ ತೆಗೆದುಕೊಂಡ. ಆ ಸೀಸನ್ ಮುಗಿದ ಮೇಲೆ ಯಾವ ತಂಡವೂ ಅವನನ್ನು ಆಡಿಸಲಿಲ್ಲ.

ಚಿತ್ರ ಬದಲಾಗಿದೆ, ನಿಜ. 2023ರ ಸೂಪರ್ ಬೌಲ್‌ನಲ್ಲಿ ಮೊದಲ ಬಾರಿಗೆ ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪು ಆಟಗಾರರು. 2025ರ ಫೈನಲ್‌ನಲ್ಲಿ ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ 72 ಯಾರ್ಡ್ ಓಡಿ, ಎರಡು ಪಾಸ್ ಟಚ್‌ಡೌನ್ ಎಸೆದು ಪಂದ್ಯಶ್ರೇಷ್ಠನಾದ. 2018ರಲ್ಲಿ ಜಾಕ್ಸನ್‌ಗಿಂತ ಮೊದಲು ಆಯ್ಕೆಯಾದ ಬಿಳಿಯ ಆಟಗಾರ ಜಾಶ್ ಆಲನ್ ಕೂಡ ಸಿಕ್ಕಾಪಟ್ಟೆ ಓಡುತ್ತಾನೆ, 2024ರ ಸೀಸನ್‌ನ ಎಂವಿಪಿ ಅವನೇ. ಕಾಲೇಜಿನಲ್ಲಿ ಅವನ ಪಾಸ್ ನಿಖರತೆ ಜಾಕ್ಸನ್‌ಗಿಂತ ಕಡಿಮೆ ಇತ್ತು. ಅವನಿಗೆ ಪೋಲಿಯನ್ ಕೊಟ್ಟಂಥ ಸಲಹೆ ಕೊಟ್ಟವರನ್ನು ನಾನು ಕಂಡಿಲ್ಲ.

ಹಾಗಾಗಿ ಓಡುವ ಕ್ವಾರ್ಟರ್‌ಬ್ಯಾಕ್ ಒಳ್ಳೆಯದೋ ಕೆಟ್ಟದೋ ಅನ್ನೋ ಚರ್ಚೆ ಮುಗಿದಿದೆ. ಉಳಿದಿರೋದು ಅಪಾಯವನ್ನು ಯಾರು ಹೊರಬೇಕು ಅನ್ನೋದು. ತಲೆಗೆ ಪೆಟ್ಟಾದರೆ ನೋಡಲು 2013ರಿಂದ ತಂಡಕ್ಕೆ ಸೇರದ ತಜ್ಞರು ಮೈದಾನದಂಚಿನಲ್ಲಿ ಇರುತ್ತಾರೆ. ಮೊಣಕಾಲಿಗೆ ಆ ಭಾಗ್ಯ ಇಲ್ಲ. ಅಲ್ಲಿ ತಂಡದ ವೈದ್ಯರು, ತಂಡದ ಕೋಚ್. ಆಟಗಾರರ ಸಂಘ ಮುಂದಿನ ಒಪ್ಪಂದದಲ್ಲಿ ಅದನ್ನು ಕೇಳಲಿ. ಹೊಸಬರ ಸಂಬಳದ ಮಿತಿಯನ್ನೂ ಪ್ರಶ್ನಿಸಲಿ. ಮುಂದಿನ ಸಲ ಯಾರಾದರೂ ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ‘ಸಹಜ ಓಟಗಾರ’ ಅಂದರೆ ಓಟ ಬಿಟ್ಟು ಅವನ ಕಣ್ಣು ನೋಡಿ. ಅದು ಚೆಂಡಿನ ಮೇಲೆ ಇರೋದಿಲ್ಲ, ಎದುರಿರುವ ಎಂಡ್ ಮೇಲೆ ಇರುತ್ತೆ.